ಸಿಹಿನೀರು ಬಂದ ವರ್ಷ

ಗೆದಾರೆಫ್ ಊರಿನ ಅಂಚಿನಲ್ಲಿ
ಹಾಜ್ಜಾ ಸಿತ್ತನಾಳ ಮನೆಬಾಗಿಲು
ಮುಚ್ಚುವುದನ್ನು ಮರೆತು ಮೂರು ತಿಂಗಳು.
ಮೊದಲು ಬೈಸಿಕೊಂಡವನು ಬಡಗಿ.
ಅಲ್‌ತೋಮ್ ಬಂದ, ಕೆಳಗಡೆ ಒಂದಿಷ್ಟು ಹೆರೆದ,
ಚಹಾ ಕುಡಿದು ಹೋದ.
ಹದಿನೈದು ದಿನಕ್ಕೆ ಮತ್ತೆ ಅದೇ ಬಾಗಿಲು
ಚೌಕಟ್ಟಿಗೆ ಭುಜ ಕೊಟ್ಟು ನಿಂತಿತು.

ಆಮೇಲೆ ಗೋಡೆ.
ಮೂಲೆಯಿಂದ ಹೊರಟ ಬಿರುಕು ಕಿಟಕಿ ದಾಟಿ
ಗಂಡನ ಪಟದ ಹಿಂದೆ ನುಸುಳಿ ಸೂರಿನತ್ತ ಹತ್ತಿತು.
ಅದರ ತುದಿಗೆ ಪೆನ್ಸಿಲಿನಲ್ಲಿ ತಾರೀಖು ಬರೆದೆ.
"ಮಗು ಎಷ್ಟೆತ್ತರ ಬೆಳೆಯಿತು ಅಂತ ಗೀಚುತ್ತಾರಲ್ಲ,
ಹಾಗಿದೆ ನಿನ್ನ ಕೆಲಸ, ಬತೂಲ್" ಅಂದಳು.

ನನ್ನದು ರಸ್ತೆ ಇಲಾಖೆಯ ಮಣ್ಣಿನ ಲ್ಯಾಬು.
ಒಂದು ಓವನ್, ಒಂದು ತಕ್ಕಡಿ, ಕರೆಂಟು ಬಂದಾಗ ಫ್ಯಾನು.
ಅವಳ ಅಂಗಳದ ಕರಿಮಣ್ಣು ಒಣಗಿಸಿ, ಕುಟ್ಟಿ, ಜರಡಿ ಹಿಡಿದು
ಎರಡು ಗಾಜಿನ ಕೊಳವೆಗೆ ಸಮಸಮ ಸುರಿದೆ.
ಸೀಮೆಎಣ್ಣೆಯೊಳಗೆ ಮಣ್ಣು ಹತ್ತರ ಗೆರೆಯಲ್ಲೇ ಕೂತಿತು,
ಗುರುತಿಲ್ಲದ ಮದುವೆಮನೆಗೆ ಬಂದವನ ಹಾಗೆ
ಯಾರನ್ನೂ ಮಾತಾಡಿಸದೆ.
ನೀರೊಳಗೆ, ಬೆಳಗಾಗುವಷ್ಟರಲ್ಲಿ, ಇಪ್ಪತ್ತಾರು.

ಇದೇ ಮಣ್ಣು, ಇದೇ ಮನೆ,
ಇಪ್ಪತ್ತೆರಡು ವರ್ಷ ಸುಮ್ಮನಿತ್ತು.
ಈ ವರ್ಷ ಹೊಸದೇನಾಯಿತು ಅಂದರೆ
ಹಾಜ್ಜಾ ಬೆರಳು ಮಡಚಿದಳು:
ಮೊಮ್ಮಗಳು ಹುಟ್ಟಿದ್ದು. ಕತ್ತೆ ಸತ್ತದ್ದು. ನಲ್ಲಿ ಬಂದದ್ದು.

ನಲ್ಲಿ.
ಅದಕ್ಕೆ ಮುಂಚೆ ಅಂಗಳದ ಬಾವಿ. ಅದರ ನೀರಲ್ಲಿ
ಚಹಾಕ್ಕೂ ಕಣ್ಣೀರಿನ ರುಚಿ. ಸತ್ತ ಕತ್ತೆ ಕೂಡ
ಮೂಸಿ ಮುಖ ತಿರುಗಿಸುತ್ತಿತ್ತಂತೆ.
ಪಾತ್ರೆ ತೊಳೆದದ್ದು, ಬಟ್ಟೆ ಹಿಂಡಿದ್ದು
ಎಲ್ಲ ಆ ಗೋಡೆಯ ಬುಡಕ್ಕೆ.

ಕಡ್ಡಿಯಿಂದ ನೆಲದ ಮೇಲೆ ಗೀರಿ ಹೇಳಿದೆ:
ಜೇಡಿ ಅಂದರೆ ಹಾಳೆಗಳು, ಹಾಜ್ಜಾ.
ನಿನ್ನ ಕಿಸ್ರಾ ರೊಟ್ಟಿ ಒಂದರ ಮೇಲೊಂದು ಒಟ್ಟಿದ ಹಾಗೆ,
ಕಣ್ಣಿಗೆ ಕಾಣದಷ್ಟು ತೆಳು.
ನಡುನಡುವೆ ಪುಟಾಣಿ ಕಾವಲುಗಾರರು.
ಕ್ಯಾಲ್ಸಿಯಂಗೆ ಎರಡು ಕೈ,
ಮೇಲಿನ ಹಾಳೆ ಒಂದರಲ್ಲಿ, ಕೆಳಗಿನದು ಇನ್ನೊಂದರಲ್ಲಿ.
ಸೋಡಿಯಂಗೆ ಒಂದೇ ಕೈ.
ಆ ಕೈಯಲ್ಲೂ ನೀರಿನ ಚೊಂಬು.
ನಿನ್ನ ಬಾವಿ ವರ್ಷಗಟ್ಟಲೆ ಎರಡು ಕೈಯವರನ್ನು ಓಡಿಸಿ
ಒಂಟಿಕೈಯವರನ್ನು ತುಂಬಿತು.

"ಹಾಗಾದರೆ ಆಗಲೇ ಯಾಕೆ ಬಿರಿಯಲಿಲ್ಲ?"

ಹೊರಗಿನ ನೀರೂ ಅಷ್ಟೇ ಉಪ್ಪು.
ಒಳಗೂ ಉಪ್ಪು, ಹೊರಗೂ ಉಪ್ಪು,
ಯಾರು ಯಾರನ್ನು ಕರೆಯಬೇಕು?
ಉಪ್ಪು ತಿಂದವರು ನೀರು ಕುಡಿಯಲೇಬೇಕಲ್ಲ,
ನಿನ್ನ ಮಣ್ಣು ಅಷ್ಟು ವರ್ಷ ಬರೀ ಉಪ್ಪು ತಿಂದು
ಒಳ್ಳೆ ನೀರಿಗಾಗಿ ಕಾದಿತ್ತು.
ಬಂತು. ಕುಡಿಯಿತು. ಎದ್ದು ಕೂತಿತು.

ಸಿತ್ತನಾ ಬಹಳ ಹೊತ್ತು ಮಾತಾಡಲಿಲ್ಲ.
ನಲ್ಲಿ ಬಂದ ದಿನ ಕುರಿ ಕಡಿಸಿದವಳು.
ಮೊದಲ ಚೊಂಬು ನೀರನ್ನು ಗಂಡನ ಗೋರಿಗೆ ಒಯ್ದವಳು.

ಮರುವಾರ ಹೋದರೆ ಹಳೆ ಬಾವಿಗೆ ಹಗ್ಗ ಬಿಟ್ಟಿದ್ದಾಳೆ.
ಕೊಡ ಕೊಡ ಸೇದಿ ಗೋಡೆಯ ಬುಡಕ್ಕೆ ಹೊಯ್ಯುತ್ತಿದ್ದಾಳೆ.
"ಸುಮ್ಮನಾಗಿದೆ ನೋಡು" ಅಂತ ಬಾಗಿಲು ದೂಡಿದಳು.
ನಿಜವೇ. ಮುಕ್ಕಾಲು ಮುಚ್ಚಿತು.
ನನಗೆ ಸಿಟ್ಟೂ ಬಂತು, ನಗುವೂ.
ಸಾಲ ತೀರಿಸಲು ಸಾಲ ಮಾಡುತ್ತಿದ್ದೀಯ, ಹಾಜ್ಜಾ,
ಮೊದಲ ಮಳೆ ಬಡ್ಡಿ ಸಮೇತ ಕೇಳುತ್ತದೆ.

ಕೊಡ ಕಸಿದುಕೊಂಡೆ. ಗೋಡೆಯುದ್ದಕ್ಕೂ ಮೊಳದಾಳ ಅಗೆದು
ನಾಲ್ಕು ಚೀಲ ಜಿಪ್ಸಂ ಸುರಿದೆವು, ಹಿಟ್ಟಿನಂಥ ಬಿಳಿಪುಡಿ,
ಅಲ್‌ತೋಮ್‌ನ ಮೀಸೆಯೂ ಬೆಳ್ಳಗಾಯಿತು.
ಮೇಲೆ ಚಿಮುಕಿಸಿದ್ದು ನಲ್ಲಿಯ ನೀರನ್ನೇ,
ಕೊಂಚ, ಮತ್ತೆ ಕೊಂಚ.

"ಎಷ್ಟು ದಿನ?"
ಗೊತ್ತಿಲ್ಲ. ಮಣ್ಣಿನೊಳಗೆ ಕೈ ಬದಲಾಗುವುದು ನಿಧಾನ.
ಲ್ಯಾಬಿನ ಮೂರನೆಯ ಕೊಳವೆಯಲ್ಲಿ ಜಿಪ್ಸಂ ಉಂಡ ಮಣ್ಣು
ಹದಿನಾಲ್ಕಕ್ಕೆ ನಿಂತಿದೆ.
ಆದರೆ ಆ ಕೊಳವೆಯ ಮೇಲೆ ಮನೆಯಿಲ್ಲ,
ಮನೆಯೊಳಗೆ ನಿದ್ದೆಹೋದ ಮೊಮ್ಮಗಳಿಲ್ಲ.

ನಿನ್ನೆ ಸಂಜೆ ಬಿರುಕಿನ ತುದಿ ನೋಡಿದೆ.
ಹಳೆಯ ಗುರುತು ದಾಟಿ ಒಂದು ಜೋಳದ ಕಾಳಿನಷ್ಟು.
ಪೆನ್ಸಿಲ್ ಮರೆತು ಬಂದಿದ್ದೆ;
ಸಿತ್ತನಾ ಕಾಡಿಗೆ ಕಡ್ಡಿ ತಂದುಕೊಟ್ಟಳು.
ಬಾಗಿಲು ತೆರೆದೇ ಇತ್ತು.
ಅಂಗಳದಲ್ಲಿ ನಲ್ಲಿ ತೊಟ್ಟಿಕ್ಕುತ್ತಿತ್ತು,
ಅದರಡಿ ಬೋಗುಣಿಯೊಂದು,
ಒಂದು ಹನಿಯೂ ನೆಲ ಮುಟ್ಟದ ಹಾಗೆ.